ಮೂತ್ರದ ಟ್ಯೂಬು ಹೊತ್ತೇ ವೇದಿಕೆ ಹತ್ತಿದ ಈರೋಡಿನ ಪೆರಿಯಾರ್

ಕೊಯಮತ್ತೂರಿನ ಆಸ್ಪತ್ರೆಯಿಂದಲೋ ಮೈಸೂರಿನ ಆಸ್ಪತ್ರೆಯಿಂದಲೋ ಮನೆಗೆ ಮರಳಿದ ವಯಸ್ಸಾದ ಗಂಡಸರ ಪಂಚೆಯ ಮಗ್ಗುಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ನೇತಾಡುವುದನ್ನು ಗಡಿಭಾಗದ ಹಳ್ಳಿಗಳಲ್ಲಿ ಬಹುತೇಕ ಎಲ್ಲರೂ ನೋಡಿದ್ದಾರೆ. ಯೂರಿನ್ ಬ್ಯಾಗ್ ಎನ್ನುತ್ತಾರೆ. ಅದು ಮನೆಗೆ ಬಂದ ದಿನದಿಂದ ಅಜ್ಜ ಜಗಲಿಗೆ ಬರುವುದು ನಿಲ್ಲುತ್ತದೆ. ಮದುವೆ, ಜಾತ್ರೆ, ಸಂತೆ ಎಲ್ಲವೂ ನಿಲ್ಲುತ್ತವೆ. ನೆಂಟರು ಬಂದರೆ ಚೀಲದ ಮೇಲೆ ಒಂದು ಟವಲು ಹೊದಿಸುತ್ತಾರೆ. ಕಾಯಿಲೆಗಿಂತ ನಾಚಿಕೆಯೇ ದೊಡ್ಡದಾಗಿ ಮನುಷ್ಯ ಮೂಲೆ ಹಿಡಿಯುತ್ತಾನೆ.

ಅಂಥದೇ ಒಂದು ಟ್ಯೂಬನ್ನು ದೇಹದಲ್ಲಿಟ್ಟುಕೊಂಡು, ಮೂತ್ರ ಇಳಿಯುವ ಪಾತ್ರೆಯನ್ನು ಜತೆಗೇ ಒಯ್ಯುತ್ತ, 90 ದಾಟಿದ ಮೇಲೂ ತಮಿಳುನಾಡಿನ ಊರೂರು ಸುತ್ತಿ ಭಾಷಣ ಮಾಡಿದವರು ಪೆರಿಯಾರ್ ಇ.ವಿ. ರಾಮಸಾಮಿ. ಅವರ ಮನೆಮಾತು ಕನ್ನಡ. ಹುಟ್ಟಿದ್ದು ಅಂದಿನ ಕೊಯಮತ್ತೂರು ಜಿಲ್ಲೆಯ ಈರೋಡಿನಲ್ಲಿ. ಅವರ ನಾಸ್ತಿಕವಾದ, ಜಾತಿವಿರೋಧಿ ಹೋರಾಟ, ಹಿಂದಿ ವಿರೋಧಿ ಚಳವಳಿಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಅವರನ್ನು ಮೆಚ್ಚುವವರೂ ಬೈಯುವವರೂ ಇಂದಿಗೂ ಇದ್ದಾರೆ. ಆದರೆ ಆ ಮುದಿ ದೇಹ ಪಟ್ಟ ಪಾಡು, ಆ ದೇಹವನ್ನು ಅವರು ನಡೆಸಿಕೊಂಡ ರೀತಿ, ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ.

ರಾಮಸಾಮಿ ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು. ತಂದೆ ವೆಂಕಟಪ್ಪ ನಾಯ್ಕರ್, ತಾಯಿ ಚಿನ್ನತಾಯಮ್ಮ. ಕನ್ನಡ ಮಾತಾಡುವ ಬಲಿಜ ಕುಟುಂಬ. ತಂದೆ ಕೂಲಿಯಿಂದ ಶುರುಮಾಡಿ ಈರೋಡಿನ ದೊಡ್ಡ ವ್ಯಾಪಾರಿಯಾದವರು. ಮನೆಯಲ್ಲಿ ವೈಷ್ಣವ ಸಂಪ್ರದಾಯ ಗಟ್ಟಿಯಾಗಿತ್ತು. ಸಾಧುಗಳಿಗೆ, ಭಜನೆಯವರಿಗೆ ಸದಾ ಊಟ ಹಾಕುವ ಮನೆ. ಹುಡುಗನಿಗೆ ಶಾಲೆ ಹತ್ತಲಿಲ್ಲ. ಐದಾರು ವರ್ಷದ ಓದು ಮುಗಿಯುವಷ್ಟರಲ್ಲಿ ತಂದೆ ಮಂಡಿಗೆ ಕರೆದೊಯ್ದು ಕೂರಿಸಿದರು. ವ್ಯಾಪಾರ ಮಾತ್ರ ಚೆನ್ನಾಗಿ ಹತ್ತಿತು. ಗಿರಾಕಿಯೊಂದಿಗೆ ವಾದ ಮಾಡುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು.

19ನೇ ವಯಸ್ಸಿನಲ್ಲಿ ನಾಗಮ್ಮೈ ಅವರೊಂದಿಗೆ ಮದುವೆ. ಹುಟ್ಟಿದ ಒಂದು ಹೆಣ್ಣುಮಗು ಐದೇ ತಿಂಗಳಿಗೆ ತೀರಿಕೊಂಡಿತು. ಮತ್ತೆ ಮಕ್ಕಳಾಗಲಿಲ್ಲ. 1904ರಲ್ಲಿ ಮನೆ ಬಿಟ್ಟು ಕಾಶಿಗೆ ಹೋದರು. ಅಲ್ಲಿ ಛತ್ರಗಳಲ್ಲಿ ಊಟ ಬ್ರಾಹ್ಮಣರಿಗೆ ಮಾತ್ರ. ಹಸಿವು ತಾಳಲಾರದೆ ಎಸೆದ ಎಂಜಲೆಲೆಗಳಲ್ಲಿ ಉಳಿದ ಅನ್ನ ತಿಂದರು. ಆ ಛತ್ರವನ್ನು ಕಟ್ಟಿಸಿದ್ದು ದಕ್ಷಿಣದ ಒಬ್ಬ ಬ್ರಾಹ್ಮಣೇತರ ವ್ಯಾಪಾರಿ ಎಂದು ತಿಳಿದದ್ದು ಅವರ ಮನಸ್ಸಿನಿಂದ ಕೊನೆಯವರೆಗೂ ಹೋಗಲಿಲ್ಲ. ದೇಹದ ಅವಸ್ಥೆಯನ್ನು ಮುಚ್ಚಿಡದೆ ಹೇಳಿಕೊಳ್ಳುವ ಗುಣ ಇಲ್ಲಿಂದಲೇ ಕಾಣುತ್ತದೆ. ಈರೋಡಿನ ಸಾಹುಕಾರನ ಮಗ ತಾನು ಎಂಜಲು ತಿಂದ ಕಥೆಯನ್ನು ಅಡಗಿಸಬಹುದಾಗಿತ್ತು. ಅವರು ಅಡಗಿಸಲಿಲ್ಲ.

ಊರಿಗೆ ಮರಳಿ ಮತ್ತೆ ಮಂಡಿ ಹಿಡಿದರು. ಈರೋಡಿಗೆ ಪ್ಲೇಗ್ ಬಂದಾಗ ಅನುಕೂಲಸ್ಥರು ಊರು ಬಿಟ್ಟು ಹೋದರೂ ಇವರು ಅಲ್ಲೇ ನಿಂತು ರೋಗಿಗಳ ಕೆಲಸ ನೋಡಿದರು. 1918ರ ಹೊತ್ತಿಗೆ ಈರೋಡು ಪುರಸಭೆಯ ಅಧ್ಯಕ್ಷರಾದರು. ಊರಿಗೆ ಕುಡಿಯುವ ನೀರಿನ ವ್ಯವಸ್ಥೆ ತಂದದ್ದು ಆ ಕಾಲದ ಅವರ ಮುಖ್ಯ ಕೆಲಸ. ಅದೇ ಸುಮಾರಿಗೆ ಸೇಲಂ ಪುರಸಭೆಗೆ ಅಧ್ಯಕ್ಷರಾಗಿದ್ದವರು ರಾಜಾಜಿ. ಇಬ್ಬರ ಗೆಳೆತನ ಶುರುವಾದದ್ದು ಈ ದಿನಗಳಲ್ಲೇ. ಮುಂದೆ ರಾಜಕೀಯದಲ್ಲಿ ಎಷ್ಟೇ ಜಗಳವಾಡಿದರೂ ಆ ಸ್ನೇಹ ಉಳಿಯಿತು.

1919ರಲ್ಲಿ ಕಾಂಗ್ರೆಸ್ ಸೇರಿದರು. ಖಾದಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ಊರೂರು ಮಾರಿದರು. ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆದಾಗ ತಮ್ಮ ತೋಟದ ಸುಮಾರು 500 ತೆಂಗಿನ ಮರಗಳನ್ನೇ ಕಡಿಸಿಹಾಕಿದರು. ಇವರು ಜೈಲಿಗೆ ಹೋದಾಗ ಪತ್ನಿ ನಾಗಮ್ಮೈ ಮತ್ತು ತಂಗಿ ಕಣ್ಣಮ್ಮಾಳ್ ಈರೋಡಿನ ಬೀದಿಯಲ್ಲಿ ಪಿಕೆಟಿಂಗ್ ಮುಂದುವರಿಸಿದರು.

ತಿರುಪ್ಪೂರಿನವರು ನೆನಪಿಡಬೇಕಾದ ವರ್ಷ 1922. ಅಂದು ತಿರುಪ್ಪೂರು ಕೊಯಮತ್ತೂರು ಜಿಲ್ಲೆಯ ಒಂದು ಪಟ್ಟಣ. ಅಲ್ಲಿ ನಡೆದ ಕಾಂಗ್ರೆಸ್ ಸಮ್ಮೇಳನದಲ್ಲಿ ರಾಮಸಾಮಿ ಮದ್ರಾಸ್ ಪ್ರಾಂತದ ಕಾಂಗ್ರೆಸ್ ಅಧ್ಯಕ್ಷರಾದರು. ನಾಡಾರರೂ ಸೇರಿದಂತೆ ಎಲ್ಲ ಜಾತಿಯವರಿಗೂ ದೇವಸ್ಥಾನದ ಬಾಗಿಲು ತೆರೆಯಬೇಕೆಂದು ಅವರು ತಂದ ನಿರ್ಣಯಕ್ಕೆ ಅಲ್ಲಿ ಜೋರು ವಿರೋಧ ಬಂತು. ಎರಡು ವರ್ಷಗಳ ನಂತರ ಕೇರಳದ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಎಲ್ಲರೂ ನಡೆಯಲು ಬಿಡಬೇಕೆಂಬ ಸತ್ಯಾಗ್ರಹಕ್ಕೆ ಹೋಗಿ ಎರಡು ಸಲ ಜೈಲು ಕಂಡರು. 1925ರಲ್ಲಿ ಈರೋಡಿನಿಂದ ಕುಡಿ ಅರಸು ಪತ್ರಿಕೆ ಹೊರಟಿತು. ಅದೇ ವರ್ಷದ ಕೊನೆಗೆ ಕಾಂಚೀಪುರಂ ಸಮ್ಮೇಳನದಲ್ಲಿ ಕಾಂಗ್ರೆಸ್ ಬಿಟ್ಟು ಹೊರಗೆ ಬಂದರು. ಆಮೇಲಿನದು ಸ್ವಾಭಿಮಾನ ಚಳವಳಿ. 1927ರಲ್ಲಿ ಗಾಂಧೀಜಿ ಬೆಂಗಳೂರಿನಲ್ಲಿ ವಿಶ್ರಾಂತಿಗಾಗಿ ತಂಗಿದ್ದಾಗ ಹೋಗಿ ವರ್ಣಾಶ್ರಮದ ಬಗ್ಗೆ ದೀರ್ಘವಾಗಿ ಚರ್ಚಿಸಿದರು. ಇಬ್ಬರಿಗೂ ಹೊಂದಲಿಲ್ಲ.

ಕೊಯಮತ್ತೂರು ಜೈಲಿಗೂ ಅವರಿಗೂ ಹಳೆಯ ನಂಟು. ಕುಡಿ ಅರಸುವಿನ ಒಂದು ಸಂಪಾದಕೀಯಕ್ಕಾಗಿ 1933ರ ಕೊನೆಯಲ್ಲಿ ಬ್ರಿಟಿಷ್ ಸರ್ಕಾರ ಅವರನ್ನೂ, ಪತ್ರಿಕೆಯ ಪ್ರಕಾಶಕಿಯಾಗಿದ್ದ ತಂಗಿ ಕಣ್ಣಮ್ಮಾಳರನ್ನೂ ಹಿಡಿಯಿತು. ಶಿಕ್ಷೆಯ ಒಂದು ಭಾಗವನ್ನು ಅವರು ಕಳೆದದ್ದು ಕೊಯಮತ್ತೂರಿನಲ್ಲಿ. ಅದೇ 1933ರ ಮೇ ತಿಂಗಳಲ್ಲಿ ನಾಗಮ್ಮೈ ತೀರಿಕೊಂಡಿದ್ದರು. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿದ್ದನ್ನು ವಿರೋಧಿಸಿ ಮತ್ತೆ ಜೈಲು. ಈ ಸಲ ಕಳಿಸಿದ್ದು ಬಳ್ಳಾರಿಗೆ. ಬಳ್ಳಾರಿ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಬಿಸಿಲಿನ ಬಗ್ಗೆ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಹೊರಗಿನ ಜನ ಬಳ್ಳಾರಿ ಜೈಲಿನಲ್ಲಿದ್ದ ಅವರನ್ನೇ ಜಸ್ಟಿಸ್ ಪಕ್ಷಕ್ಕೆ ಅಧ್ಯಕ್ಷರನ್ನಾಗಿ ಆರಿಸಿದರು. ಅಲ್ಲಿಂದ ಕೊಯಮತ್ತೂರು ಜೈಲಿಗೆ ತಂದು, 1939ರ ಮೇ ತಿಂಗಳಲ್ಲಿ ಬಿಟ್ಟರು. ಆಗಲೇ ಅವರಿಗೆ 60ರ ಹತ್ತಿರ.

ಪೆರಿಯಾರ್ ಎಂಬ ಹೆಸರು ಬಂದದ್ದೂ ಆ ದಿನಗಳಲ್ಲೇ, 1938ರ ನವೆಂಬರಿನಲ್ಲಿ ಚೆನ್ನೈಯಲ್ಲಿ ನಡೆದ ಮಹಿಳೆಯರ ಸಮ್ಮೇಳನದಲ್ಲಿ. ಹಿರಿಯರು ಎಂದರ್ಥ. ಹಳಗನ್ನಡದಲ್ಲಿ ಪಿರಿಯ ಎಂದಿದ್ದದ್ದು ನಮ್ಮಲ್ಲಿ ಹಿರಿಯ ಆಯಿತು, ತಮಿಳಿನಲ್ಲಿ ಪಕಾರ ಉಳಿಯಿತು. ಎರಡೂ ಭಾಷೆ ಬಲ್ಲ ಗಡಿನಾಡಿನವರಿಗೆ ಇದು ತಾನಾಗಿ ಕೇಳಿಸುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. 1944ರಲ್ಲಿ ಸೇಲಂನಲ್ಲಿ ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಆಯಿತು. ಚುನಾವಣೆಗೆ ನಿಲ್ಲುವುದಿಲ್ಲ ಎಂಬುದು ಅದರ ನಿಲುವು. ದ್ರಾವಿಡ ನಾಡು ಎಂಬ ಅವರ ಬೇಡಿಕೆಯಲ್ಲಿ ಕನ್ನಡದ ಸೀಮೆಯೂ ಸೇರಿತ್ತು. ಆದರೆ ಕನ್ನಡಿಗರು ಅದಕ್ಕೆ ಕಿವಿಗೊಡಲಿಲ್ಲ, 1956ರ ಭಾಷಾವಾರು ಪ್ರಾಂತಗಳ ನಂತರ ಅವರೂ ತಮಿಳುನಾಡಿನ ಮಾತಷ್ಟೇ ಆಡಿದರು. ಗಣಪತಿ ಮೂರ್ತಿ ಒಡೆದದ್ದು, ರಾಮನ ಪಟ ಸುಟ್ಟದ್ದು, ಸಂವಿಧಾನದ ಪ್ರತಿ ಸುಟ್ಟದ್ದು ಎಲ್ಲವೂ 1950ರ ದಶಕದವು. ಭಕ್ತರ ಮನಸ್ಸಿಗೆ ಇವು ಮಾಡಿದ ಗಾಯ ಸಣ್ಣದಲ್ಲ, ಅವರ ಭಾಷೆಯೂ ಬಹಳ ಸಲ ಒರಟು. 78ನೇ ವಯಸ್ಸಿನಲ್ಲೂ ಅವರಿಗೆ ಜೈಲು ಶಿಕ್ಷೆಯಾಯಿತು.

ದೇಹದ ಕಥೆ ಶುರು

1940ರ ದಶಕದಿಂದ ಅವರ ದೇಹದ ಆರೈಕೆ ನೋಡಿಕೊಂಡವರು ಮಣಿಯಮ್ಮೈ. ವೆಲ್ಲೂರು ಕಡೆಯ ಹೆಣ್ಣುಮಗಳು. ಚಳವಳಿಗೆ ಬಂದು, ಕಾರ್ಯಕರ್ತೆಯಾಗಿ ಜತೆಗಿದ್ದು, ಊಟ, ಔಷಧಿ, ಪ್ರಯಾಣ ಎಲ್ಲದರ ಹೊಣೆ ಹೊತ್ತರು. 1949ರ ಜುಲೈ 9ರಂದು ಪೆರಿಯಾರ್ ಅವರನ್ನು ಮದುವೆಯಾದರು. ವಯಸ್ಸಿನ ಅಂತರ ಹಲವು ದಶಕಗಳದ್ದು. ಹೆಣ್ಣಿನ ಹಕ್ಕಿನ ಬಗ್ಗೆ ಅಷ್ಟು ಮಾತಾಡಿದವರು ಹೀಗೆ ಮಾಡಬಹುದೇ ಎಂದು ಸ್ವಂತ ಶಿಷ್ಯರೇ ಕೇಳಿದರು. ಅಣ್ಣಾದುರೈ ಮತ್ತಿತರರು ಹೊರಬಂದು ಆ ಸೆಪ್ಟೆಂಬರಿನಲ್ಲಿ ಡಿ.ಎಂ.ಕೆ. ಕಟ್ಟಿದರು. ತನ್ನ ನಂತರ ಚಳವಳಿಯ ಆಸ್ತಿ ನೋಡಿಕೊಳ್ಳಲು ಕಾನೂನುಬದ್ಧ ವಾರಸುದಾರರು ಬೇಕು ಎಂಬುದು ಪೆರಿಯಾರ್ ಕೊಟ್ಟ ಕಾರಣ. ಆ ವಾದ ಎಷ್ಟು ಜನರಿಗೆ ಒಪ್ಪಿಗೆಯಾಯಿತೋ ಬೇರೆ ಮಾತು. ಮುಂದಿನ 24 ವರ್ಷ ಆ ದೇಹವನ್ನು ಎತ್ತಿ ಕೂರಿಸಿ ಮಲಗಿಸಿದ ಕೈಗಳು ಮಾತ್ರ ಅವರವೇ.

ವಯಸ್ಸಾದಂತೆ ಪೆರಿಯಾರ್ ಅವರಿಗೆ ಕಾಡಿದ್ದು ಎರಡು ತೊಂದರೆ. ಒಂದು ಹರ್ನಿಯಾ. ಇನ್ನೊಂದು ಮೂತ್ರದ್ದು.

ಹರ್ನಿಯಾ ಎಂದರೆ ಹೊಟ್ಟೆಯ ಗೋಡೆಯ ಸ್ನಾಯು ಒಂದು ಕಡೆ ಸಡಿಲವಾಗಿ, ಕರುಳಿನ ಭಾಗ ಅಲ್ಲಿಂದ ಹೊರಕ್ಕೆ ಉಬ್ಬುವುದು. ಗಂಡಸರಲ್ಲಿ ಹೆಚ್ಚಾಗಿ ತೊಡೆಸಂದಿಯಲ್ಲಿ ಬರುತ್ತದೆ. ಮಲಗಿದರೆ ಒಳಗೆ ಹೋಗುತ್ತದೆ, ನಿಂತರೆ, ಕೆಮ್ಮಿದರೆ, ಮುಕ್ಕರಿದರೆ ಹೊರಗೆ ಬರುತ್ತದೆ. ಹೊರಬಂದ ಕರುಳು ಸಿಕ್ಕಿಹಾಕಿಕೊಂಡರೆ ರಕ್ತ ಓಡಾಡದೆ ಪ್ರಾಣಕ್ಕೇ ಅಪಾಯ. ಗಂಟೆಗಟ್ಟಲೆ ಗಟ್ಟಿದನಿಯಲ್ಲಿ ಭಾಷಣ ಮಾಡುವ ಮನುಷ್ಯನಿಗೆ ಇದಕ್ಕಿಂತ ಕೆಟ್ಟ ಜತೆಗಾರ ಬೇರೆ ಇಲ್ಲ. ಒಂದೊಂದು ಸಲ ದನಿ ಎತ್ತಿದಾಗಲೂ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ.

ಮೂತ್ರ ಕಟ್ಟುವುದು ಇನ್ನೊಂದು ಹಿಂಸೆ. ಮುದಿ ಗಂಡಸರಲ್ಲಿ ಸಾಮಾನ್ಯ ಕಾರಣ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರನಾಳವನ್ನು ಅದುಮುವುದು. ಮೂತ್ರಕೋಶ ತುಂಬುತ್ತದೆ, ಖಾಲಿಯಾಗುವುದಿಲ್ಲ. ಆರೋಗ್ಯವಂತರ ಮೂತ್ರಕೋಶ ಅರ್ಧ ಲೀಟರಿಗೆ ಮುಂಚೆಯೇ ಅವಸರ ಮಾಡುತ್ತದೆ. ಕಟ್ಟಿಕೊಂಡಾಗ ಅದು ಒಂದು ಲೀಟರನ್ನೂ ದಾಟಬಹುದು. ಆಗ ಕೆಳಹೊಟ್ಟೆ ಬಿಗಿದ ತಮಟೆಯಂತಾಗುತ್ತದೆ. ಹೊರಗೆ ಹೋಗಲಾರದ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಗಳನ್ನು ಕೆಡಿಸುತ್ತದೆ. ಮುಕ್ಕರಿ ಮುಕ್ಕರಿ ಮೂತ್ರ ಮಾಡುವವರಿಗೆ ಹರ್ನಿಯಾ ಇನ್ನಷ್ಟು ಹೆಚ್ಚುತ್ತದೆ. ಹೀಗೆ ಎರಡೂ ಕಾಯಿಲೆ ಒಂದಕ್ಕೊಂದು ಕೈಕೊಡುತ್ತವೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಳ್ಳಿಗಳಲ್ಲಿ ಹೊಟ್ಟೆಯ ನೀರು ತೆಗೆಸುವುದು ಎಂದರೆ ಎರಡನ್ನೂ ಕಲಸಿ ಹೇಳುವುದುಂಟು. ಜಲೋದರವೇ ಬೇರೆ. ಅದರಲ್ಲಿ ನೀರು ತುಂಬುವುದು ಮೂತ್ರಕೋಶದಲ್ಲಲ್ಲ, ಕರುಳಿನ ಸುತ್ತಲಿನ ಜಾಗದಲ್ಲಿ. ಹೆಚ್ಚಿನವರಲ್ಲಿ ಅದಕ್ಕೆ ಕಾರಣ ಲಿವರ್ ಕೆಟ್ಟಿರುವುದು. ಹೆಂಡ, ಬ್ರಾಂದಿಯ ಚಟದವರಲ್ಲಿ ಬಹಳ. ಕ್ಯಾನ್ಸರ್, ಕ್ಷಯ, ಹೃದಯದ ಕಾಯಿಲೆಗಳಿಂದಲೂ ಆಗಬಹುದು. ಅದಕ್ಕೆ ಡಾಕ್ಟರು ಹೊಟ್ಟೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ಎಡಮಗ್ಗುಲಲ್ಲಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಚುಚ್ಚಿ ನೀರು ಇಳಿಸುತ್ತಾರೆ. ಐದು ಲೀಟರಿಗಿಂತ ಹೆಚ್ಚು ತೆಗೆಯುವುದಾದರೆ ರಕ್ತದೊತ್ತಡ ಬೀಳದಂತೆ ರಕ್ತನಾಳಕ್ಕೆ ಆಲ್ಬುಮಿನ್ ಹಾಕುತ್ತಾರೆ. ನೀರು ತೆಗೆದ ಕೂಡಲೇ ಉಸಿರಾಟ ಹಗುರವಾಗುತ್ತದೆ. ಆದರೆ ಲಿವರ್ ಸರಿಯಾಗದಿದ್ದರೆ ಮತ್ತೆ ತುಂಬುತ್ತದೆ. ಎರಡು ಕೆಲಸಗಳೂ ಭೇಟಿಯಾಗುವ ಒಂದು ಜಾಗವಿದೆ. ಜಲೋದರಕ್ಕೆ ಸೂಜಿ ಹಾಕುವ ಮೊದಲು ರೋಗಿಗೆ ಮೂತ್ರ ಮಾಡಿಬರಲು ಹೇಳುತ್ತಾರೆ, ಆಗದವರಿಗೆ ಟ್ಯೂಬು ಹಾಕಿ ಖಾಲಿ ಮಾಡುತ್ತಾರೆ. ಉಬ್ಬಿದ ಮೂತ್ರಕೋಶ ಮೇಲಕ್ಕೆ ಬಂದು ಸೂಜಿಗೆ ಸಿಗಬಾರದು ಎಂಬ ಎಚ್ಚರಿಕೆ.

ಪೆರಿಯಾರ್ ಅವರಿಗೆ ಬೇಕಾದದ್ದು ಮೂತ್ರಕೋಶದ ಟ್ಯೂಬು. ಜಲೋದರದ ಸೂಜಿಯನ್ನು ನೀರು ಇಳಿದ ಮೇಲೆ ತೆಗೆದುಬಿಡುತ್ತಾರೆ. ಈ ಟ್ಯೂಬು ಹಗಲೂ ರಾತ್ರಿ ಒಳಗೇ ಇರಬೇಕು. ಅದನ್ನು ಹಾಕಲು ದಾರಿ ಎರಡು. ಮೂತ್ರನಾಳದ ಮೂಲಕವೇ ಒಳಕ್ಕೆ ಸರಿಸುವುದು ಒಂದು. ಅಲ್ಲಿ ಸಾಧ್ಯವಾಗದಿದ್ದರೆ ಹೊಕ್ಕುಳಿನ ಕೆಳಗೆ, ಕೆಳಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನೇರವಾಗಿ ಮೂತ್ರಕೋಶಕ್ಕೆ ಇಳಿಸುವುದು ಇನ್ನೊಂದು. ಟ್ಯೂಬು ಜಾರಿ ಬರದಂತೆ ತುದಿಯಲ್ಲಿ ಪುಟ್ಟ ಬಲೂನು ಇಟ್ಟು, ಒಳಹೋದ ಮೇಲೆ ಅದಕ್ಕೆ ನೀರು ತುಂಬುವ ಉಪಾಯವನ್ನು ಅಮೆರಿಕದ ಡಾಕ್ಟರ್ ಫ್ರೆಡೆರಿಕ್ ಫೋಲಿ 1930ರ ದಶಕದಲ್ಲಿ ರೂಢಿಗೆ ತಂದರು. ಇಂದಿಗೂ ಆಸ್ಪತ್ರೆಯ ಚೀಟಿಯಲ್ಲಿ ಫೋಲಿ ಎಂದೇ ಬರೆಯುತ್ತಾರೆ. ಅದಕ್ಕೂ ಮುಂಚೆ ಲೋಹದ ನಳಿಗೆಯನ್ನೋ ರಬ್ಬರ್ ಕೊಳವೆಯನ್ನೋ ಹಾಕಿ ಪಟ್ಟಿಯಿಂದ ಕಟ್ಟಬೇಕಿತ್ತು.

ಪಾತ್ರೆ ಯಾವಾಗಲೂ ಕೆಳಗೆ

ಟ್ಯೂಬಿನ ಕೆಲಸ ನಡೆಯುವುದು ಗದ್ದೆಯ ಕಾಲುವೆಯಂತೆ, ಇಳಿಜಾರಿನ ಮೇಲೆ. ಚೀಲವೋ ಪಾತ್ರೆಯೋ ಸೊಂಟಕ್ಕಿಂತ ಕೆಳಗೇ ಇರಬೇಕು. ಮೇಲೆತ್ತಿದರೆ ಇಳಿದ ಮೂತ್ರ ಹಿಂದಕ್ಕೆ ಹೋಗಿ ಸೋಂಕು ತರುತ್ತದೆ. ಟ್ಯೂಬು ಮಡಚಿಕೊಂಡರೆ ಕಟ್ಟಿಕೊಳ್ಳುತ್ತದೆ, ಎಳೆದರೆ ರಕ್ತ ಬರುತ್ತದೆ. ಕೂತಲ್ಲಿ, ಎದ್ದಲ್ಲಿ, ವಾಹನ ಹತ್ತುವಲ್ಲಿ ಟ್ಯೂಬಿನ ಕಡೆಗೆ ಒಂದು ಕಣ್ಣು ಇಟ್ಟಿರಲೇಬೇಕು. ರಬ್ಬರ್ ಟ್ಯೂಬನ್ನು ಕೆಲವು ವಾರಗಳಿಗೊಮ್ಮೆ ಬದಲಿಸಬೇಕು. ಮಲಗಿರುವ ರೋಗಿಗೇ ಇದೆಲ್ಲ ಕಷ್ಟ.

ಪೆರಿಯಾರ್ ಈ ಸ್ಥಿತಿಯಲ್ಲಿ ಊರೂರು ತಿರುಗಿದರು. ವ್ಯಾನೊಂದರಲ್ಲಿ ಪ್ರಯಾಣ. ಅದರಲ್ಲೇ ಮಲಗುವುದು, ಅದರಲ್ಲೇ ಪತ್ರಿಕೆಗೆ ಬರೆಯುವುದು. ಸಂಜೆ ಸಭೆ. ಇಬ್ಬರು ಹಿಡಿದು ವೇದಿಕೆ ಹತ್ತಿಸುತ್ತಿದ್ದರು. ಕೂತೇ ಭಾಷಣ. ಟ್ಯೂಬು, ಪಾತ್ರೆ ಎರಡೂ ಜತೆಗೇ. ಆ ಪಾತ್ರೆಯ ವಿಷಯ ತಮಿಳುನಾಡಿನಲ್ಲಿ ಎಷ್ಟು ಪ್ರಸಿದ್ಧವಾಯಿತೆಂದರೆ, ದ್ರಾವಿಡ ಪಕ್ಷಗಳ ಭಾಷಣಗಳಲ್ಲಿ ಇಂದಿಗೂ ಪೆರಿಯಾರ್ ಮೂತ್ರದ ಪಾತ್ರೆ ಹೊತ್ತು ತಿರುಗಿದ ಮಾತು ಬಂದೇ ಬರುತ್ತದೆ. ವಿರೋಧಿಗಳು ಅದನ್ನೇ ಲೇವಡಿಗೂ ಬಳಸಿದರು. ಅವರು ಎರಡಕ್ಕೂ ತಲೆಕೆಡಿಸಿಕೊಂಡವರಲ್ಲ. ಹೊಟ್ಟೆಗೆ ಹಾಕಿದ್ದು ಹೊರಗೆ ಹೋಗಲೇಬೇಕು, ಇದರಲ್ಲಿ ಮಡಿಮೈಲಿಗೆ ಏನು ಎಂಬಂತಿತ್ತು ಅವರ ನಡವಳಿಕೆ. ಹುಟ್ಟಿನಿಂದ ಒಬ್ಬನನ್ನು ಶುದ್ಧ, ಇನ್ನೊಬ್ಬನನ್ನು ಅಶುದ್ಧ ಎನ್ನುವುದರ ವಿರುದ್ಧ ಅರ್ಧ ಶತಮಾನ ಮಾತಾಡಿದವರು ಸ್ವಂತ ದೇಹದ ಮಲಿನಕ್ಕೆ ನಾಚಿಕೊಂಡಿದ್ದರೆ ಅದೇ ವಿಚಿತ್ರವಾಗುತ್ತಿತ್ತು.

ಅವರ ಇತರ ಅಭ್ಯಾಸಗಳೂ ಡಾಕ್ಟರುಗಳಿಗೆ ತಲೆನೋವು ತರುವಂಥವೇ. ಸ್ನಾನವೆಂದರೆ ಆಗದು, ದಿನಗಟ್ಟಲೆ ಮುಂದೂಡುತ್ತಿದ್ದರು. ಮಣಿಯಮ್ಮೈ ಮಗುವಿಗೆ ಮಾಡುವಂತೆ ಒತ್ತಾಯಿಸಬೇಕಿತ್ತು. ಬಿರಿಯಾನಿ ಕಂಡರೆ ಬಿಡುತ್ತಿರಲಿಲ್ಲ. ದುಡ್ಡಿನಲ್ಲಿ ಕಡು ಜಿಪುಣರು. ಸಹಿ ಹಾಕಲು, ಫೋಟೊ ತೆಗೆಸಿಕೊಳ್ಳಲು, ಮಗುವಿಗೆ ಹೆಸರಿಡಲು ಕಾಸು ತೆಗೆದುಕೊಂಡು ಚಳವಳಿಯ ನಿಧಿಗೆ ಹಾಕುತ್ತಿದ್ದರು. ಟ್ಯೂಬು ಇರುವವರಿಗೆ ಶುಚಿ ಬಹಳ ಮುಖ್ಯ. ಆ ವಿಷಯದಲ್ಲಿ ಅವರನ್ನು ಯಾರೂ ಮಾದರಿಯಾಗಿ ತೆಗೆದುಕೊಳ್ಳಬಾರದು. ದಿನಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆಯುವುದು, ಡಾಕ್ಟರು ಬೇಡವೆನ್ನದಿದ್ದರೆ ಚೆನ್ನಾಗಿ ನೀರು ಕುಡಿಯುವುದು, ಚಳಿಜ್ವರ ಬಂದರೆ ಅಥವಾ ಚೀಲಕ್ಕೆ ಮೂತ್ರ ಇಳಿಯುವುದು ನಿಂತರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡುವುದು, ಇವು ಟ್ಯೂಬು ಇರುವ ಮನೆಯವರು ಬಿಡಬಾರದ ಕೆಲಸಗಳು.

ಅವರ ಹತ್ತಿರದವರು ಒಬ್ಬೊಬ್ಬರಾಗಿ ಹೊರಟುಹೋದರು. 1967ರಲ್ಲಿ ಡಿ.ಎಂ.ಕೆ. ಗೆದ್ದಾಗ ಅಣ್ಣಾದುರೈ ಹಳೆಯ ಮುನಿಸು ಮರೆತು ತಿರುಚ್ಚಿಗೆ ಹೋಗಿ ಗುರುವನ್ನು ಕಂಡರು. ಒಂದೆರಡು ವರ್ಷದಲ್ಲೇ ಅಣ್ಣಾ ಅವರಿಗೆ ಕ್ಯಾನ್ಸರ್. ನ್ಯೂಯಾರ್ಕಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದರೂ 1969ರ ಫೆಬ್ರವರಿ 3ರಂದು ತೀರಿಕೊಂಡರು. ಶಿಷ್ಯನಿಗಿಂತ 30 ವರ್ಷ ದೊಡ್ಡವರಾದ ಗುರು ಉಳಿದರು. 1972ರ ಡಿಸೆಂಬರಿನಲ್ಲಿ ರಾಜಾಜಿ ಹೋದರು. ಜೀವಮಾನವಿಡೀ ಎದುರಾಳಿಯಾಗಿದ್ದ ಗೆಳೆಯನ ಅಂತ್ಯಕ್ರಿಯೆಗೆ 93ರ ಪೆರಿಯಾರ್ ಬಂದರು, ಎಲ್ಲರೆದುರು ಅತ್ತರು.

1973ರಲ್ಲೂ ತಿರುಗಾಟ ನಿಲ್ಲಲಿಲ್ಲ. ಎಲ್ಲ ಜಾತಿಯವರೂ ದೇವಸ್ಥಾನದ ಅರ್ಚಕರಾಗಬಹುದು ಎಂಬುದು ಅವರ ಕೊನೆಯ ಹೋರಾಟ. ದೇವರನ್ನೇ ನಂಬದವರಿಗೆ ಅರ್ಚಕರ ಗೊಡವೆ ಏಕೆ ಎಂದು ಕೇಳುವವರಿದ್ದರು. ಗರ್ಭಗುಡಿಯ ಹೊಸ್ತಿಲಲ್ಲಿ ಕೆಲವರನ್ನು ತಡೆಯುವುದು ಅವರನ್ನು ಕೀಳು ಎಂದು ಸಾರಿದಂತೆ, ಪ್ರಶ್ನೆ ದೇವರದ್ದಲ್ಲ ಎಂಬುದು ಅವರ ಲೆಕ್ಕ. 51 ವರ್ಷ ಹಿಂದೆ ತಿರುಪ್ಪೂರಿನಲ್ಲಿ ತಂದ ನಿರ್ಣಯದ ಮುಂದಿನ ಮೆಟ್ಟಿಲು ಅದು. ಆ ಡಿಸೆಂಬರಿನ 8 ಮತ್ತು 9ರಂದು ಚೆನ್ನೈಯಲ್ಲಿ ಇದಕ್ಕಾಗಿಯೇ ಸಮ್ಮೇಳನ ನಡೆಸಿದರು.

ಡಿಸೆಂಬರ್ 19ರ ಸಂಜೆ ಚೆನ್ನೈನ ತ್ಯಾಗರಾಯನಗರದಲ್ಲಿ ಸಭೆ. ಅದೇ ಕೊನೆಯದು. ಮಾತಿನ ನಡುವೆ ಹರ್ನಿಯಾ ನೋವು ಕಿತ್ತುಕೊಂಡು ಬಂತು. ಮೈಕಿನ ಮುಂದೆಯೇ ನರಳಿದರು. ಸಭೆ ಸ್ತಬ್ಧವಾಯಿತು. ಸ್ವಲ್ಪ ಸುಧಾರಿಸಿಕೊಂಡು, ನಿಲ್ಲಿಸಿದ ಕಡೆಯಿಂದ ಮತ್ತೆ ಮಾತು ಎತ್ತಿಕೊಂಡು ಭಾಷಣ ಮುಗಿಸಿದರು. ಆ ಭಾಷಣವನ್ನು ಅವರ ಅನುಯಾಯಿಗಳು ಪುಸ್ತಕವಾಗಿ ಇಂದಿಗೂ ಅಚ್ಚು ಹಾಕುತ್ತಾರೆ.

ಮರುದಿನ ಚೆನ್ನೈನ ಸರ್ಕಾರಿ ಜನರಲ್ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೆ ಒಯ್ದರು. ಅಮೆರಿಕದ ಮಿಷನರಿ ಡಾಕ್ಟರ್ ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ಶುರುಮಾಡಿದ ಆಸ್ಪತ್ರೆ ಅದು. ಎಲ್ಲ ಧರ್ಮಗಳನ್ನೂ ಜರಿದ ಮನುಷ್ಯ ಕೊನೆಗೆ ಮಲಗಿದ್ದು ಕ್ರೈಸ್ತ ಆಸ್ಪತ್ರೆಯ ಹಾಸಿಗೆಯಲ್ಲಿ. ವೈದ್ಯದ ವಿಷಯದಲ್ಲಿ ಅವರಿಗೆ ಇದರಲ್ಲಿ ತೊಡಕೇನೂ ಇರಲಿಲ್ಲ. ವಿಜ್ಞಾನ ಎಲ್ಲಿದೆಯೋ ಅಲ್ಲಿಗೆ ಹೋಗಬೇಕು ಎನ್ನುವವರು. 1973ರ ಡಿಸೆಂಬರ್ 24ರ ಬೆಳಿಗ್ಗೆ ಅಲ್ಲಿಯೇ ಕೊನೆಯುಸಿರೆಳೆದರು. 94 ವರ್ಷ, ಮೂರು ತಿಂಗಳು, ಏಳು ದಿನ.

ಸರ್ಕಾರದ ಯಾವ ಹುದ್ದೆಯನ್ನೂ ಹಿಡಿಯದ ಅವರಿಗೆ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡಿಸಿದರು. ಚೆನ್ನೈನ ಪೆರಿಯಾರ್ ತಿಡಲ್‌ನಲ್ಲಿ ಮಣ್ಣು ಮಾಡಿದರು. ಚಳವಳಿಯ ಹೊಣೆಯನ್ನು ಮಣಿಯಮ್ಮೈ ಹೊತ್ತರು. ಅಷ್ಟು ವರ್ಷ ಇನ್ನೊಬ್ಬರ ದೇಹ ಕಾಯ್ದ ಅವರದೇ ಹೃದಯ ದುರ್ಬಲವಾಗಿತ್ತು. 1978ರ ಮಾರ್ಚಿನಲ್ಲಿ ಅವರೂ ತೀರಿಕೊಂಡರು. ಕುಡಿ ಅರಸುವಿನಲ್ಲಿ 1930ರ ದಶಕದಿಂದ ಪೆರಿಯಾರ್ ಬಳಸುತ್ತಿದ್ದ ತಿದ್ದಿದ ತಮಿಳು ಅಕ್ಷರಗಳನ್ನು ಎಂ.ಜಿ.ಆರ್. ಸರ್ಕಾರ ಅದೇ ವರ್ಷ ಅಧಿಕೃತ ಮಾಡಿತು. ಇಂದು ಗಡಿಯ ಶಾಲೆಗಳಲ್ಲಿ ಕನ್ನಡದ ಮಕ್ಕಳು ತಿದ್ದುವ ತಮಿಳು ಅಕ್ಷರಗಳು ಅವೇ.

1979ರಲ್ಲಿ ಅವರ ಜನ್ಮ ಶತಮಾನೋತ್ಸವದ ಹೊತ್ತಿಗೆ ಕೊಯಮತ್ತೂರು ಜಿಲ್ಲೆಯನ್ನು ಒಡೆದು ಈರೋಡು ಕೇಂದ್ರವಾಗಿ ಪೆರಿಯಾರ್ ಜಿಲ್ಲೆ ಮಾಡಿದರು. ದಿಂಬಂ ಘಾಟಿಯ ಮೇಲಿನ ತಾಳವಾಡಿಯ ಕನ್ನಡಿಗರ ವಿಳಾಸದಲ್ಲೂ ಕೆಲವು ವರ್ಷ ಆ ಹೆಸರಿತ್ತು. 1990ರ ದಶಕದಲ್ಲಿ ಅದು ಮತ್ತೆ ಈರೋಡು ಜಿಲ್ಲೆ ಆಯಿತು. 2009ರಲ್ಲಿ ಕೊಯಮತ್ತೂರು, ಈರೋಡು ಎರಡರ ಭಾಗಗಳನ್ನು ಸೇರಿಸಿ ತಿರುಪ್ಪೂರು ಜಿಲ್ಲೆ ಹುಟ್ಟಿತು. ಈರೋಡಿನಲ್ಲಿ ಅವರು ಬಾಳಿದ ಮನೆ ಈಗ ಪೆರಿಯಾರ್ ಅಣ್ಣಾ ಸ್ಮಾರಕ. ಅಣ್ಣಾದುರೈ ಪತ್ರಿಕೆಯ ಕೆಲಸಕ್ಕಿದ್ದಾಗ ವಾಸವಿದ್ದದ್ದೂ ಅಲ್ಲೇ.